ಹದಿನಾಲ್ಕು ಮನೆಗಳ ನೀರು ಮೂಸುವವಳು

ಮೆಹದಿಪಟ್ಟಣಂನ ಹಳೆಯ ಅಪಾರ್ಟ್‌ಮೆಂಟೊಂದರಲ್ಲಿ ಬಂಡೆಮ್ಮನ ಗಂಡ ಸಾಬಣ್ಣ ವಾಚ್‌ಮನ್. ರಾಯಚೂರಿನ ಕಡೆಯಿಂದ ಬಂದು ಒಂಬತ್ತು ವರ್ಷವಾಗಿತ್ತು. ಗೇಟಿನ ಕೆಲಸ ಗಂಡನದು, ನೀರಿನ ಕೆಲಸ ಬಂಡೆಮ್ಮನದು.

ಆ ಗಲ್ಲಿಗೆ ದಿನ ಬಿಟ್ಟು ದಿನ ನೀರು ಬರುತ್ತದೆ, ಬೆಳಗಿನ ಐದರಿಂದ ಹನ್ನೊಂದರೊಳಗೆ ಯಾವಾಗ ಬೇಕಾದರೂ. ಕೊಳವೆ ಹಳೆಯದು, ಮೋರಿಯ ಪಕ್ಕದಲ್ಲೇ ಹಾದುಬಂದಿದೆ. ಮೊದಲು ಬರುವ ನೀರಿನಲ್ಲಿ ಮೋರಿಯದೂ ಸೇರಿರುತ್ತದೆ. ಆ ನೀರು ಒಮ್ಮೆ ಐದು ಕೊಡ, ಒಮ್ಮೆ ಮೂವತ್ತು ಕೊಡದಷ್ಟು ಹರಿದುಹೋಗಬೇಕು. ಬಂಡೆಮ್ಮ ಗೇಟಿನ ಪಕ್ಕದ ನಲ್ಲಿ ಬಿಟ್ಟು, ಬೊಗಸೆಯಲ್ಲಿ ಹಿಡಿದು ಮೂಸಿ, ವಾಸನೆ ಪೂರ್ತಿ ಹೋದ ಮೇಲೆಯೇ ಸಂಪಿನ ವಾಲ್ವ್ ತಿರುಗಿಸುತ್ತಿದ್ದಳು. ನೀರು ತಿಳಿಯಾಗಿ ಕಂಡರೂ ನಂಬುತ್ತಿರಲಿಲ್ಲ. ಹದಿನಾಲ್ಕು ಮನೆಯವರೂ ಅವಳ ಮೂಗನ್ನು ಹೊಗಳುತ್ತಿದ್ದರು. ಆ ಹೊಗಳಿಕೆಯ ನಡುವೆಯೇ, ನೀರು ಬಿಟ್ಟು ಹೋಗಲಾಗದೆ, ಅವಳಿಗೆ ತಮ್ಮನ ಮದುವೆ ತಪ್ಪಿಹೋಗಿತ್ತು.

ಕಳೆದ ಬೇಸಗೆಯಲ್ಲಿ ಆ ತಮ್ಮ ಮಲ್ಲಣ್ಣನ ಫೋನ್ ಬಂತು.

"ಅವ್ವ ಬಿದ್ದಾಳ. ಟೊಂಕದ ಎಲುಬು ಮುರದೈತಿ. ನಿನ್ನ ಹೆಸರ ಹಿಡದು ಕೂಗಾಕತ್ತಾಳ. ಒಮ್ಮಿ ಬಂದು ಹೋಗಕ್ಕ."

ಬಂಡೆಮ್ಮ ಗಂಡನನ್ನು ನಲ್ಲಿಯ ಮುಂದೆ ಕೂರಿಸಿಕೊಂಡು ಎರಡೆರಡು ಸಲ ಹೇಳಿದಳು. "ಕಣ್ಣಿಲೆ ನೋಡಬ್ಯಾಡ್ರಿ, ಮೂಸಿ ನೋಡ್ರಿ. ಸಂಶಯ ಬಂದ್ರ ಹರದು ಹೋಗಾಕ ಬಿಡ್ರಿ." ಆಮೇಲೆ ಕಾಚಿಗೂಡ ಸ್ಟೇಷನ್ನಿಗೆ ಹೋಗಿ ರಾಯಚೂರಿನ ರೈಲು ಹತ್ತಿದಳು.

ಇಪ್ಪತ್ತು ವರ್ಷ ಗುಟ್ಕಾ ಜಗಿದಿದ್ದ ಸಾಬಣ್ಣನಿಗೆ ಯಾವ ವಾಸನೆಯೂ ತಿಳಿಯಲಿಲ್ಲ. ವಾಲ್ವ್ ತಿರುಗಿಸಿಬಿಟ್ಟ.

ನಾಲ್ಕನೆಯ ದಿನ ಬಂಡೆಮ್ಮ ತಾಯಿಗೆ ಗಂಜಿ ಕುಡಿಸುತ್ತಿದ್ದಾಗ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸೀತಾರಾಮರು ಫೋನ್ ಮಾಡಿದರು. ನಾಲ್ಕು ಮನೆಗಳಲ್ಲಿ ವಾಂತಿಭೇದಿ. ಎರಡನೆಯ ಮಹಡಿಯ ರಶ್ಮಿಯ ಮಗಳು ಆಸ್ಪತ್ರೆ ಸೇರಿದ್ದಳು. ಮನೆಯಲ್ಲಿ ಫಿಲ್ಟರ್ ಇತ್ತು, ಮಗು ಹಲ್ಲುಜ್ಜಿದ್ದು ಮಾತ್ರ ನಲ್ಲಿಯ ನೀರಿನಲ್ಲಿ. ಬಂಡೆಮ್ಮ ಅಂದೇ ಹೊರಟಳು.

ಮಗು ಹುಷಾರಾಗಿ ಮನೆಗೆ ಬಂದ ದಿನ ಎಲ್ಲರೂ ಪಾರ್ಕಿಂಗಿನಲ್ಲಿ ಸೇರಿದರು. ಸೀತಾರಾಮರದು ಬೀದರ ಕಡೆಯ ಮನೆತನ. ತೆಲುಗಿನ ಊರಿನಲ್ಲೂ ಬಂಡೆಮ್ಮನೊಡನೆ ಕನ್ನಡವನ್ನೇ ಆಡುತ್ತಿದ್ದರು.

"ಇನ್ನ ಮುಂದ ನೀ ಎಲ್ಲೂ ಹೋಗೋ ಹಂಗಿಲ್ಲ ನೋಡು. ಹೋಗೋದಿದ್ರ ವಾಚ್‌ಮನ್ ರೂಮ್ ಖಾಲಿ ಮಾಡಿ ಹೋಗು."

ಸಾಬಣ್ಣ ತಲೆ ತಗ್ಗಿಸಿ ನಿಂತಿದ್ದ. ಬಂಡೆಮ್ಮ ಹೇಳಿದಳು, "ಹದಿನಾಕು ಮನಿ ನನ್ನ ಮೂಗಿನ ಮ್ಯಾಲ ಬಿಟ್ಟೀರಿ, ಸಾಹೇಬ್ರ. ನಾಳಿ ನನಗ ನೆಗಡಿ ಬಂದ್ರ?"

ಮರುದಿನ ಮೂರನೆಯ ಮಹಡಿಯ ನಲಿನಿ, ಸರ್ಕಾರಿ ನೌಕರಿಯಿಂದ ನಿವೃತ್ತರಾದ ಕನ್ನಡದವರು, ನೀರನ್ನು ಬಾಟಲಿಗೆ ತುಂಬಿಸಿಕೊಂಡು ಪರೀಕ್ಷೆಗೆ ಒಯ್ದರು. ಕುಡಿಯಲು ಯೋಗ್ಯವಲ್ಲವೆಂದು ಬಂದ ವರದಿಯನ್ನು ಅರ್ಜಿಗೆ ಲಗತ್ತಿಸಿ ತಿಂಗಳುಗಟ್ಟಲೆ ಜಲಮಂಡಳಿಯ ಕಚೇರಿಗೆ ಅಲೆದರು. ಕೊನೆಗೆ ಮಂಡಳಿಯವರು ಬಂದು ರಸ್ತೆ ಅಗೆದರು. ತುಕ್ಕು ತಿಂದ ಕೊಳವೆಯಲ್ಲಿ ಬೆರಳು ತೂರುವಷ್ಟು ತೂತುಗಳಿದ್ದವು. ಅಲ್ಲಿ ಮಾತ್ರ ತುಂಡು ಬದಲಿಸಿ, ಇಡೀ ಲೈನಿಗೆ ಸಮಯ ಬೇಕೆಂದು ಹೇಳಿ ಮಣ್ಣು ಮುಚ್ಚಿ ಹೋದರು. ಎರಡೇ ವಾರದಲ್ಲಿ ವಾಸನೆ ತಿರುಗಿ ಬಂತು.

ಮೂಸುವುದನ್ನು ತಾವೇ ಕಲಿಯುವುದಾಗಿ ಹೇಳಿ ನಲಿನಿ ಒಂದು ವಾರ ಬಂಡೆಮ್ಮನ ಪಕ್ಕದಲ್ಲಿ ಕೂತು ನೋಡಿದರು.

"ನನಗ ಗೊತ್ತಾಗವಲ್ತು ಬಂಡೆಮ್ಮ. ಕೊರೊನಾ ಬಂದು ಹೋದ ಮ್ಯಾಲ ಸಾರಿನ ವಾಸನಿನೂ ಬರೂದಿಲ್ಲ ನನಗ."

"ಇರ್ಲಿ ಬಿಡ್ರಿ ಅಮ್ಮಾರ," ಎಂದಳು ಬಂಡೆಮ್ಮ.

ನಲಿನಿ ಹಟ ಹಿಡಿದು ಸೀತಾರಾಮರಿಂದ ಒಂದು ಮಾತು ಪಡೆದರು: ನೀರು ಹಿಡಿದ ಮೇಲೆ ಅವಳು ಊರಿಗೆ ಹೋಗಬಹುದು, ಮುಂದಿನ ಸಲ ನೀರು ಬರುವುದರೊಳಗೆ ಗೇಟಿನಲ್ಲಿರಬೇಕು.

ಹಾಗೆ ಶ್ರಾವಣದಲ್ಲಿ ಅವಳು ತಾಯಿಯ ಹಾಸಿಗೆಯ ಬಳಿ ಕೂತಳು. ಮುದುಕಿ ಮಗಳ ಕೈ ಹಿಡಿದು ಕೇಳಿದಳು, "ಎಷ್ಟ ದಿನ ಇರ್ತೀ?"

"ನಾಳಿ ಮಧ್ಯಾಹ್ನದ ತನಕ, ಯವ್ವ."

ತಾಯಿ ಸ್ವಲ್ಪ ಸರಿದು ಹಾಸಿಗೆಯಲ್ಲಿ ಅವಳಿಗೆ ಜಾಗ ಮಾಡಿಕೊಟ್ಟಳು.