ಐದು ಮನೆಯ ಹೇಳಿಕೆ

ನಾನು ಚಿಕ್ಕವಳಿದ್ದಾಗ ನನ್ನ ಪಾಲಿನ ಮಾತನ್ನೆಲ್ಲ ಬೇರೆಯವರೇ ಆಡಿ ಮುಗಿಸುತ್ತಿದ್ದರು. ಊಟ ಆಯಿತಾ ಎಂದು ಯಾರಾದರೂ ನನ್ನನ್ನು ಕೇಳಿದರೆ ಅಮ್ಮ ಉತ್ತರ ಕೊಡುತ್ತಿದ್ದಳು. ಎಷ್ಟನೇ ಕ್ಲಾಸು ಎಂದರೆ ಅಕ್ಕ. ಇದು ಶುರುವಾದದ್ದು ನನಗೆ ನಾಲ್ಕೈದು ವರ್ಷವಾದಾಗ. ಮನೆಗೆ ಬಂದ ನೆಂಟರೊಬ್ಬರು, ಕಂಬದ ಹಿಂದೆ ಅಡಗಿದ್ದ ನನ್ನನ್ನು ನೋಡಿ "ಇದೆಂತ, ಮೂಗಿಯಾ?" ಎಂದು ನಕ್ಕರು. ಆಮೇಲೆ ಬಂದವರೂ ಅದನ್ನೇ ಹೇಳಿದರು. ಎರಡು ವರ್ಷದಲ್ಲಿ ನಮ್ಮ ಊರು ಐವರ್ನಾಡಿಗೆಲ್ಲ ನಾನು ಮೂಗಿಯಾಗಿಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಮಕ್ಕಳೇ, ನನಗೂ ಅದು ಹಾಯಾಗಿತ್ತು. ಮೂಗಿಯನ್ನು ಯಾರೂ ಏನೂ ಕೇಳುವುದಿಲ್ಲ. ಅಕ್ಕನ ಜೊತೆ ತೋಡಿನ ಹಳ್ಳಕ್ಕೆ ಬಟ್ಟೆ ಒಗೆಯಲು ಹೋದಾಗ ಮಾತ್ರ ನಾನು ಬಾಯಿ ಮುಚ್ಚುತ್ತಿರಲಿಲ್ಲ.

ನನಗೆ ಹತ್ತು ವರ್ಷ ಆಗುವಾಗ ಅಕ್ಕನ ಮದುವೆ ನಿಶ್ಚಯವಾಯಿತು. ಆಗ ನಮ್ಮ ಕಡೆ ಮದುವೆ ಕಾಗದ ಅಚ್ಚು ಹಾಕಿಸುವವರು ಕಡಿಮೆ. ಹಾಕಿಸಿದರೂ ಅದಕ್ಕೆ ಬೆಲೆ ಇರಲಿಲ್ಲ. ಮನೆಯವರೇ ಒಬ್ಬರು ಹೋಗಿ, ಜಗಲಿ ಹತ್ತಿ, ಬಾಯಿಬಿಟ್ಟು ಕರೆಯಬೇಕು. ಅದಕ್ಕೆ 'ಹೇಳಿಕೆ' ಎಂದು ಹೆಸರು. ಹೇಳಿಕೆ ಇಲ್ಲದ ಮನೆಯವರು ಪಕ್ಕದಲ್ಲೇ ಇದ್ದರೂ ಬರುವುದಿಲ್ಲ. ಹಿಂದಿನ ವರ್ಷ ನಮ್ಮಲ್ಲಿ ನಡೆದ ಪೂಜೆಗೆ ಅಪ್ಪ ಆಳಿನ ಹತ್ತಿರ ಹೇಳಿಕಳಿಸಿದ್ದಕ್ಕೆ ಸ್ವಂತ ದೊಡ್ಡಪ್ಪನೇ ಬಂದಿರಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಮದುವೆಗೆ ಐದು ದಿನ ಉಂಟು ಎನ್ನುವಾಗ ಅಪ್ಪ ಬಿದಿರಿನ ಮೊನೆ ತುಳಿದರು. ಕಾಲು ಬಾತು ನೆಲಕ್ಕೆ ಊರಲಿಕ್ಕೆ ಆಗದ ಹಾಗಾಯಿತು. ತೋಡಿನ ಆಚೆಯ ಐದು ಮನೆಗಳಿಗೆ ಹೇಳಿಕೆ ಬಾಕಿ ಇತ್ತು. ಅದರಲ್ಲಿ ದೊಡ್ಡಪ್ಪನ ಮನೆಯೂ ಒಂದು. ಅಮ್ಮನಿಗೆ ಒಲೆಯ ಬುಡ ಬಿಡುವ ಹಾಗಿಲ್ಲ. ಮದುಮಗಳು ತನ್ನ ಮದುವೆಗೆ ತಾನೇ ಕರೆಯುವ ಹಾಗಿಲ್ಲ. ಗಂಡುಮಕ್ಕಳು ನಮ್ಮಲ್ಲಿ ಇಲ್ಲ.

"ಮತ್ತೆ ಯಾರು, ಈ ಮೂಗಿಯಾ ಹೋಗುದು?" ಎಂದರು ಅಪ್ಪ. ನೋವಿನಲ್ಲಿ ಹೇಳಿದ್ದು. ಆದರೂ ನನಗೆ ಚುರ್ರೆಂದಿತು. ದೊಡ್ಡಪ್ಪ ಇಲ್ಲದೆ ಮದುವೆಯಾದರೆ ಊರವರು ನೂರೆಂಟು ಕೇಳುತ್ತಾರೆ ಎಂದು ಅಕ್ಕ ವಾರದಿಂದ ಅಳುತ್ತಿದ್ದಳು. ನಾನು ಎದ್ದು ಲಂಗ ಕೊಡವಿಕೊಂಡೆ. ಹೋಗಿಯೇ ಹೋಗುವುದು ಎಂದು ಮನಸ್ಸಿನಲ್ಲೇ ಹಟ ಹಿಡಿದೆ. ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಹತ್ತು ಸಲ ಬಾಯಿಪಾಠ ಮಾಡಿಸಿದಳು: "ಬರುವ ಸೋಮವಾರ ನಮ್ಮ ಅಕ್ಕನ ಮದುವೆ. ಹಿಂದಿನ ದಿನವೇ ಎಲ್ಲರೂ ಬಂದು ಚಂದಗಾಣಿಸಿ ಕೊಡ್ಬೇಕು." ನಮ್ಮದು ಅರೆಭಾಷೆ. ನಿಮಗೆ ಅರ್ಥವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ.

ಬೇಸಗೆಯ ಬಿಸಿಲಿಗೆ ಕೆಂಪು ಮುರಕಲ್ಲಿನ ದಾರಿ ಕಾದಿತ್ತು. ಬಿದ್ದು ಕೊಳೆತ ಗೇರುಹಣ್ಣಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ದಾರಿಯುದ್ದ ಬಾಯಿಪಾಠ ಹೇಳುತ್ತಲೇ ನಡೆದೆ. ಆದರೆ ಮೊದಲ ಮನೆಯ ಜಗಲಿಯಲ್ಲಿ ಏಳೆಂಟು ಜನ ಕೂತದ್ದು ಕಂಡದ್ದೇ ತಡ, ಕಲಿತದ್ದೆಲ್ಲ ಹಾರಿಹೋಯಿತು. ಅಂಗಳದಲ್ಲೇ ನಿಂತುಬಿಟ್ಟೆ. ಮೇಲೆ ಬಾ ಎಂದರು, ಹತ್ತಲಿಲ್ಲ. ಬೆಲ್ಲ ನೀರು ತಂದುಕೊಟ್ಟರು, ಬೇಡವೆಂದು ತಲೆಯಾಡಿಸಿದೆ. ಬಾಯಿ ತೆರೆದರೆ ಅಳು ಬರುತ್ತಿತ್ತು.

ನಮ್ಮ ಊರಿನಲ್ಲಿ ಜಗಲಿ ಹತ್ತದೆ, ನೀರು ಮುಟ್ಟದೆ ಅಂಗಳದಲ್ಲಿ ನಿಲ್ಲುವವರು ತರುವುದು ಒಂದೇ ಸುದ್ದಿ, ಸಾವಿನ ಸುದ್ದಿ. ನನಗೆ ಅದು ಹೊಳೆಯಲೇ ಇಲ್ಲ. ಆ ಮನೆಯ ಅಜ್ಜಿಗೆ ಹೊಳೆಯಿತು. ಎದೆ ಮೇಲೆ ಕೈಯಿಟ್ಟು ಎದ್ದವರೇ, "ಅಯ್ಯೋ, ಕಾಲು ಬಾತಿದೆ ಅಂತ ನಿನ್ನೆ ಕೇಳಿದ್ದಷ್ಟೆ. ಹೋಗಿಯೇ ಬಿಟ್ಟನಾ ನಿನ್ನ ಅಪ್ಪ?" ಎಂದು ಅಳಲಿಕ್ಕೆ ಶುರುಮಾಡಿದರು. ಸಾವಾದರೆ ಒಲೆ ಉರಿಯಬಾರದೆಂದು ಒಳಗೆ ಸೊಸೆ ಕೊಳ್ಳಿ ಹಿಂದೆ ಎಳೆದಳು. ಮಗ ಬೈರಾಸು ಟವಲು ಹೆಗಲಿಗೆ ಹಾಕಿ ಅಂಗಳಕ್ಕೆ ಇಳಿದೇಬಿಟ್ಟ. ಅವನೊಬ್ಬ ಹೊರಟರೆ ಸಂಜೆಯೊಳಗೆ ಸುದ್ದಿ ಗಂಡಿನ ಊರಾದ ಪಂಜದವರೆಗೆ ಮುಟ್ಟುತ್ತದೆ. ಗಂಡಿನ ಕಡೆಯವರು ಕೇಳಿದರೆ ಮದುವೆಯೇ ನಿಲ್ಲುತ್ತದೆ. ನಾನು ಎರಡೂ ಕೈ ಅಡ್ಡ ಚಾಚಿ ಅವನ ದಾರಿ ಕಟ್ಟಿದೆ.

"ಅಪ್ಪ ಸಾಯ್ಲಿಲ್ಲ! ಅಕ್ಕನಿಗೆ ಮದುವೆ!"

ಆಚೆ ಗುಡ್ಡಕ್ಕೂ ಕೇಳಿಸುವಷ್ಟು ಜೋರಾಗಿ ಕೂಗಿದ್ದೆ. ಮಗ ಎತ್ತಿದ ಹೆಜ್ಜೆ ಹಿಂದಿಟ್ಟ. ಮತ್ತೆ ಅಜ್ಜಿ ಅಳುತ್ತಲೇ ನಗಲಿಕ್ಕೆ ಹಿಡಿದರು. "ಜೀವ ಬಾಯಿಗೆ ತಂದೆಯಲ್ಲ ಮಾರಾಯ್ತಿ. ಬಾ, ಮೇಲೆ ಬಂದು ಸರಿಯಾಗಿ ಹೇಳು." ನಾನು ಜಗಲಿ ಹತ್ತಿ, ಬೆಲ್ಲ ನೀರು ಗಟಗಟ ಕುಡಿದು, ಒಂದಕ್ಷರ ಬಿಡದೆ ಹೇಳಿದೆ. ಅಜ್ಜಿ ಕಣ್ಣೊರೆಸಿಕೊಂಡು, ದೊಡ್ಡವರಿಗೆ ಹೇಳುವ ಹಾಗೆ, "ಆಯ್ತು. ಬರ್ತೇವೆ ಅಂತ ಮನೆಯಲ್ಲಿ ಹೇಳು" ಎಂದರು. ನನ್ನ ಮಾತಿಗೆ ಹೊರಗಿನವರೊಬ್ಬರು ಕೊಟ್ಟ ಮೊದಲ ಉತ್ತರ ಅದು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಎರಡನೆಯ ಮನೆಗೆ ಓಡಿಕೊಂಡೇ ಹೋದೆ.

ಅದು ಒಣಮೀನಿನ ಅಂಗಡಿ ಇಟ್ಟಿದ್ದ ಬ್ಯಾರಿ ಮುಸ್ಲಿಮರ ಅಜ್ಜನದು. ಬಾಗಿಲಿಗೆ ಹೋಗುವ ಮೊದಲೇ ಮೀನಿನ ಘಾಟು. ಅವರು ತಕ್ಕಡಿ ಕೆಳಗಿಟ್ಟು, ನಾನು ಮುಗಿಸುವವರೆಗೆ ಗಿರಾಕಿಯನ್ನು ಕಾಯಿಸಿದರು. ಮುಂದಿನ ಎರಡು ಮನೆಗಳಲ್ಲಿ ಆಡುವುದು ತುಳು. ತಡವರಿಸಿದೆ, ಆದರೂ ಹೇಳಿದೆ.

ಐದನೆಯ ಮನೆಯಲ್ಲಿ ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ತಲೆ ಎತ್ತದೆ, "ಕಳೆದ ಸಲ ಆಳು. ಈ ಸಲ ಮೂಗಿಯನ್ನು ಕಳಿಸಿದ್ದಾ?" ಎಂದರು. ಬೆಳಿಗ್ಗೆಯಾಗಿದ್ದರೆ ಓಡಿಹೋಗುತ್ತಿದ್ದೆ. ಆದರೆ ನಾಲ್ಕು ಮನೆಯವರು ನನಗೆ 'ಆಯ್ತು' ಎಂದಿದ್ದರು.

"ನಾನು ಮೂಗಿ ಅಲ್ಲ ದೊಡ್ಡಪ್ಪ. ಅಪ್ಪನಿಗೆ ಕಾಲು ಊರ್ಲಿಕ್ಕೆ ಆಗುದಿಲ್ಲ. ಆಳನ್ನು ಕಳಿಸಿದ್ರೆ ನೀವು ಬರುದಿಲ್ಲ. ಅದಕ್ಕೇ ಮನೆಯವಳು ನಾನು ಬಂದದ್ದು." ಅಷ್ಟು ಹೇಳಿ ಹೇಳಿಕೆಯನ್ನೂ ಒಪ್ಪಿಸಿದೆ. ಅವರು ನನ್ನನ್ನೇ ನೋಡಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ನಾನು ಮನೆಗೆ ಬಂದೆ.

ಭಾನುವಾರ ಮಧ್ಯಾಹ್ನ ಚಪ್ಪರದಡಿ ಎಲ್ಲರೂ ಸೌತೆಕಾಯಿ ಹೆಚ್ಚುತ್ತಿದ್ದರು. ದೊಡ್ಡಪ್ಪ ಮನೆಮಂದಿಯನ್ನೆಲ್ಲ ಕರಕೊಂಡು ಅಂಗಳಕ್ಕೆ ಬಂದರು. ಅಪ್ಪ ಕುಂಟುತ್ತಾ ಎದ್ದು ಬಂದರು. ದೊಡ್ಡಪ್ಪ ಅವರನ್ನು ತಡೆದು, "ನೀನು ಕೂತ್ಕೋ ಮಾರಾಯ. ನನಗೆ ಹೇಳಿಕೆ ಕೊಟ್ಟವಳೆಲ್ಲಿ?" ಎಂದು ಕೇಳಿದರು. ಅಕ್ಕ ಒಳಗಿನಿಂದ ನನ್ನನ್ನು ಮುಂದೆ ದೂಡಿದಳು. ನೂರು ಕಣ್ಣು ನನ್ನ ಮೇಲಿತ್ತು. "ಬನ್ನಿ ದೊಡ್ಡಪ್ಪ, ಮೇಲೆ ಬನ್ನಿ" ಎಂದೆ. ಆಮೇಲೆ ಊರಿನವರು ತಮ್ಮ ಮನೆಯ ಹೇಳಿಕೆಗೂ ನನ್ನನ್ನು ಜೊತೆಗೆ ಕರಕೊಂಡು ಹೋಗುವಂತಾದರು. ಮೂಗಿ ಎನ್ನುವುದನ್ನು ಯಾರು ಯಾವಾಗ ಬಿಟ್ಟರೋ ತಿಳಿಯಲಿಲ್ಲ. ಊರು ಮೂಗಿ ಎಂದಾಗ ಮೂಗಿಯಾದೆ, ಊರು ಮಾತು ಕೇಳಿಸಿಕೊಂಡಾಗ ಮಾತಾಡುವವಳಾದೆ. ಎರಡೂ ಸಲ ಹುಡುಗಿ ಒಬ್ಬಳೇ.

ಈಗ ನಿಮ್ಮ ಕಾಲದಲ್ಲಿ ಮದುವೆ ಕರೆಯೋಲೆ ಮೊಬೈಲಿಗೆ ಬರುತ್ತದೆ, ಹೂವಿನ ಚಿತ್ರ, ಸಂಗೀತ ಎಲ್ಲ ಸೇರಿ. ಚಂದ ಉಂಟು, ನಾನು ದೂರುವುದಿಲ್ಲ. ಆದರೆ ಮೊನ್ನೆ ನೆಂಟರು ಬಂದಾಗ ನಿಮ್ಮಲ್ಲಿ ಚಿಕ್ಕವಳು ಫ್ರಿಜ್ಜಿನ ಮರೆಗೆ ಹೋದಳು. ನೀವೆಲ್ಲ ನಗುತ್ತಾ, "ಅವಳು ಶೈ, ಮಾತಾಡುದಿಲ್ಲ" ಎಂದು ಅವಳೆದುರಿಗೇ ಹೇಳಿದಿರಿ. ಇನ್ನು ಈ ಮನೆಯಲ್ಲಿ ಆ ಮಾತು ಕೂಡದು. ಮುಂದಿನ ವಾರ ಮನೆಯಲ್ಲಿ ಪೂಜೆ ಉಂಟಲ್ಲ, ಎದುರು ಮನೆಯವರಿಗೆ ಯಾರೂ ಮೆಸೇಜು ಹಾಕಬೇಡಿ. ಅವಳು ಹೋಗಿ ಕರೆಯುತ್ತಾಳೆ. ಬಾಯಿ ಬರಲಿಕ್ಕೆ ಎಷ್ಟು ಹೊತ್ತು ಹಿಡಿದರೂ ಅವಳ ಮಾತನ್ನು ಬೇರೆ ಯಾರೂ ಆಡಬಾರದು. ಎದುರು ಮನೆಯವರಿಗೂ ಹೇಳಿಟ್ಟಿದ್ದೇನೆ, ಅವರು ಕಾಯುತ್ತಾರೆ.