ಜುಫೈರಿನ ಘಾಟಿ

ಬಸ್ ಕಾಕನ ಎಡಗಾಲಿನ ಚಪ್ಪಲಿ ಯಾವಾಗಲೂ ಬಲಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು. ಹಿಮ್ಮಡಿಯ ಕಡೆ ಗಟ್ಟಿಯಾಗಿಯೇ ಇರುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ಮಾತ್ರ ರಬ್ಬರು ತೆಳುವಾಗಿ, ಕೊನೆಗೆ ತೂತೇ ಬೀಳುತ್ತಿತ್ತು. ವರ್ಷಾನುಗಟ್ಟಲೆ ಕ್ಲಚ್ ತುಳಿದ ಕಾಲು ಅದು. ಕುರ್ಚಿಯಲ್ಲಿ ಸುಮ್ಮನೆ ಕೂತು ಚಹಾ ಕುಡಿಯುವಾಗಲೂ ಆ ಕಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು. "ಒಂದು ಜೋಡಿ ಹೊಸತು ತೆಗೊಳ್ಳಿ ಮಾರಾಯ್ರೇ" ಎಂದು ನಾನೊಮ್ಮೆ ಹೇಳಿದ್ದೆ. ಕಾಕ ಚಪ್ಪಲಿ ಕಳಚಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. "ಬಲದ್ದು ಇನ್ನೂ ಸರಿ ಉಂಟಲ್ಲ ಟೀಚರೇ, ಅದಕ್ಕೆ ಯಾಕೆ ಅನ್ಯಾಯ ಮಾಡುವುದು?" ಎಂದರು. ಮನೆಗೆ ಬಂದು ನನ್ನ ಯಜಮಾನರಿಗೂ ಹೇಳಿ ನಕ್ಕಿದ್ದೆ.

ಬಹರೈನಿನ ಈಸಾ ಟೌನಿನ ಇಂಡಿಯನ್ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಕಾಕ ಅಲ್ಲಿಯ ಬಸ್ ಡ್ರೈವರ್. ಉಪ್ಪಿನಂಗಡಿ ಕಡೆಯ ಬ್ಯಾರಿಗಳು. ಮಕ್ಕಳಿಗೆ ಅವರು 'ಬಸ್ ಅಂಕಲ್'. ಕರಾವಳಿಯ ನಾವು ನಾಲ್ಕೈದು ಮಂದಿ ಟೀಚರುಗಳು ಮಾತ್ರ 'ಕಾಕ' ಎನ್ನುತ್ತಿದ್ದೆವು. ನಾನು ಸ್ವಂತ ಕಾರು ಕೊಳ್ಳುವವರೆಗೆ ಜುಫೈರಿನ ನಮ್ಮ ಫ್ಲಾಟಿನಿಂದ ಶಾಲೆಗೆ ಅವರ ಬಸ್ಸಿನಲ್ಲೇ ಹೋಗುತ್ತಿದ್ದೆ. ಹೊರಡುವ ಮುನ್ನ ಬಸ್ಸಿಗೆ ಒಂದು ಸುತ್ತು ಬಂದು, ಎತ್ತಿನ ಬೆನ್ನು ತಟ್ಟುವಂತೆ ಪ್ರತಿ ಟಯರನ್ನೂ ತಟ್ಟುತ್ತಿದ್ದರು. ಮಕ್ಕಳೆಲ್ಲ ಇಳಿದ ಮೇಲೆ ಕೊನೆಯ ಸೀಟಿನವರೆಗೆ ನಡೆದು, ಬಗ್ಗಿ ಸೀಟಿನಡಿ ನೋಡಿ, ಆಮೇಲೆಯೇ ಬಾಗಿಲು ಹಾಕುತ್ತಿದ್ದರು. ಒಂದು ದಿನವೂ ತಪ್ಪಿಸಿದ್ದನ್ನು ನಾನು ಕಂಡಿಲ್ಲ.

ಗಲ್ಫಿಗೆ ಬರುವ ಮೊದಲು ಅವರು ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಮೀನಿನ ಲಾರಿ ಓಡಿಸುತ್ತಿದ್ದರು. ಆ ಘಾಟಿಯ ಮಾತು ತೆಗೆದರೆ ಮುಗಿಯಿತು, ಕಾಕನ ಕೈ ತಾನಾಗಿ ಗಾಳಿಯಲ್ಲಿ ಗೇರು ಬದಲಿಸುತ್ತಿತ್ತು. "ಇದು ಎಂತ ಊರು ಟೀಚರೇ! ರೊಟ್ಟಿ ಲಟ್ಟಿಸಿದ ಹಾಗೆ ಉಂಟು. ಇಪ್ಪತ್ತೆಂಟು ವರ್ಷ ಆಯ್ತು, ಒಂದು ಏರು ನೋಡ್ಲಿಲ್ಲ ನಾನು" ಎಂದು ಬಹರೈನನ್ನು ಪ್ರೀತಿಯಿಂದಲೇ ಬೈಯುತ್ತಿದ್ದರು.

ಈಗ ನನ್ನ ಯಜಮಾನರ ವಿಷಯ ಹೇಳಬೇಕು. ಅವರು ಇಲ್ಲೇ ಅವಾಲಿ ಎಂಬ ಊರಿನಲ್ಲಿ ಆಫೀಸ್ ಕೆಲಸದಲ್ಲಿದ್ದರು. ಕಾರು ಓಡಿಸುವುದೆಂದರೆ ಅವರಿಗೆ ಊಟದಷ್ಟೇ ಇಷ್ಟ. ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿ, ಬಾಡಿಗೆ ಕಾರು ಹಿಡಿದು, ಬೆಟ್ಟ ದಾಟಿ ಕಡಲಿಗೆ ಇಳಿಯಬೇಕೆಂಬುದು ಅವರ ಬಹಳ ವರ್ಷದ ಹುಚ್ಚು. ಯಾವ ರಸ್ತೆ, ಯಾವ ಊರು, ಎಲ್ಲಿ ಮೀನು ಚೆನ್ನಾಗಿರುತ್ತದೆ, ಎಲ್ಲ ಫೋನಿನಲ್ಲಿ ತುಂಬಿಸಿಟ್ಟಿದ್ದರು. ಅಂತೂ ವೀಸಾ, ಟಿಕೆಟು ಎಲ್ಲ ಆದ ಮೇಲೆ, ಸಕ್ಕರೆ ಕಾಯಿಲೆಯಿಂದ ಅವರ ಬಲಗಣ್ಣಿನೊಳಗೆ ರಕ್ತ ಒಸರಿತು. ದೃಷ್ಟಿ ಮರಳಲಿಲ್ಲ. ಡಾಕ್ಟರು ಇನ್ನು ಸ್ಟೀರಿಂಗ್ ಮುಟ್ಟಬಾರದು ಎಂದರು. ಆಸ್ಪತ್ರೆಯಿಂದ ಬಂದವರು ಕಾರಿನ ಕೀಯನ್ನು ಮೇಜಿನ ಮೇಲಿಟ್ಟು, "ಗ್ರೀಸ್ ಕ್ಯಾನ್ಸಲ್ ಮಾಡು" ಎಂದರು. ಆಮೇಲೆ ಮಾತೇ ಕಮ್ಮಿಯಾಯಿತು. ನನ್ನ ಪಕ್ಕದ ಸೀಟಿನಲ್ಲಿ ಕೂತರೆ ಮುಖ ಕಿಟಕಿಗೆ. ಒಂದು ಬೈಗುಳ, ಒಂದು 'ಬ್ರೇಕ್ ಹಾಕೇ' ಕೂಡ ಇಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ ಬೈಸಿಕೊಂಡವಳಿಗೆ ಆ ಮೌನ ಸಹಿಸಲಿಕ್ಕಾಗಲಿಲ್ಲ. ಮನುಷ್ಯ ಕಣ್ಣೆದುರೇ ಆರಿಹೋಗುತ್ತಿದ್ದಾನೆ ಎನಿಸಿತು. ಕ್ಯಾನ್ಸಲ್ಲೂ ಇಲ್ಲ, ಗಿನ್ಸಲ್ಲೂ ಇಲ್ಲ, ನಾನೇ ಓಡಿಸುತ್ತೇನೆ ಎಂದು ಹಟ ಹಿಡಿದೆ.

ಹಟಕ್ಕೇನು, ಸುಲಭ. ಪ್ಲಾನ್ ಮಾಡಿದೆ. ಶಾಲೆ ಬಿಡುವ ಮೊದಲು, ಬಸ್ಸಿನ ನೆರಳಿನಲ್ಲಿ ಕೂತಿದ್ದ ಕಾಕನಿಗೆ ನನ್ನ ಕಾಗದ ತೋರಿಸಿದೆ. ಮೊದಲ ದಿನ ಪಶ್ಚಿಮದ ತುದಿಯಲ್ಲಿ ತಿಂಡಿ, ಪೂರ್ವದ ತುದಿಯಲ್ಲಿ ಊಟ, ಸಂಜೆಗೆ ನಡುವೆ ಎಲ್ಲಾದರೂ ಚಹಾ. ಎರಡನೇ ದಿನ ದಕ್ಷಿಣ. ದ್ವೀಪ ಖಲ್ಲಾಸ್. ಉಳಿದ ಐದು ದಿನ ಸಮುದ್ರದ ಬದಿಯಲ್ಲಿ ಬಿದ್ದುಕೊಳ್ಳುವುದು.

ಕಾಕ ಕನ್ನಡಕ ಹಾಕಿ ಓದಿದರು. ನನ್ನ ಫೋನಿನಲ್ಲಿದ್ದ ಭೂಪಟವನ್ನು ಬೆರಳಿನಿಂದ ದೊಡ್ಡದು ಮಾಡಿದರು, ಸಣ್ಣದು ಮಾಡಿದರು. "ಟೀಚರೇ, ಇಲ್ಲಿಂದ ಇಲ್ಲಿಗೆ ಎಷ್ಟು ಕಿಲೋಮೀಟರ್?"

"ದ್ವೀಪ ಅಲ್ವಾ ಕಾಕ, ಎಷ್ಟಿದ್ದೀತು? ಒಂದು ಗಂಟೆ."

"ಇನ್ನೂರ ಅರವತ್ತು ತೋರಿಸ್ತದೆ. ಅದೂ ಬೆಟ್ಟ. ನೀವು ಬಹರೈನಿನ ಅಳತೆ ಹಿಡಿದದ್ದು."

ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅದೇ ದಿನ ಬೆಳಿಗ್ಗೆ ಎಂಟನೇ ಕ್ಲಾಸಿಗೆ ಭೂಪಟದ ಸ್ಕೇಲ್ ಪಾಠ ಮಾಡಿ, ತಪ್ಪು ಬರೆದವರಿಗೆ ಹತ್ತು ಸಲ ಬರೆಸಿದವಳು ನಾನು! ಹದಿನಾಲ್ಕು ವರ್ಷ ಒಂದು ಗಂಟೆಯ ದ್ವೀಪದಲ್ಲಿ ಬದುಕಿದರೆ ದ್ವೀಪವೆಂದರೆ ಒಂದು ಗಂಟೆ ಎಂದೇ ತಲೆಯಲ್ಲಿ ಕೂತುಬಿಡುತ್ತದೆ. ಕಾಕ ನಗಲಿಲ್ಲ. "ಕಾರು ಯಾವುದು ಕೊಡ್ತಾರೆ? ಆಟೋಮ್ಯಾಟಿಕಾ?" ಎಂದು ಕೇಳಿದರು.

ಅಲ್ಲ, ಅದೂ ತಪ್ಪಿಹೋಗಿತ್ತು. ರಜೆಯ ಸಮಯ, ಆಟೋಮ್ಯಾಟಿಕ್ ಎಲ್ಲ ಬುಕ್ ಆಗಿ ಗೇರಿನ ಸಣ್ಣ ಕಾರು ಮಾತ್ರ ಉಳಿದಿತ್ತು. ನಾನು ಲೈಸೆನ್ಸ್ ತೆಗೆದದ್ದು ಗೇರಿನ ಕಾರಿನಲ್ಲೇ. ಆದರೆ ಅದು ಯಾವ ಕಾಲದ ಮಾತು, ಅದೂ ಏರಿಲ್ಲದ ಊರಿನಲ್ಲಿ.

"ಶುಕ್ರವಾರ ಬೆಳಿಗ್ಗೆ ಬರ್ತೇನೆ. ಜುಮ್ಮಾದ ಮೊದಲು ಎರಡು ಗಂಟೆ ಸಿಗ್ತದೆ" ಎಂದರು ಕಾಕ.

"ಎಲ್ಲಿ ಕಲಿಸ್ತೀರಿ? ಇಲ್ಲಿ ಬೆಟ್ಟ ಎಲ್ಲುಂಟು?"

"ನಿಮ್ಮ ಬಿಲ್ಡಿಂಗಿನಲ್ಲಿ ಉಂಟಲ್ಲ."

ನಮ್ಮ ಕಟ್ಟಡದ ಕೆಳಗಿನ ಆರು ಮಹಡಿ ಪಾರ್ಕಿಂಗ್. ಒಂದರಿಂದ ಇನ್ನೊಂದಕ್ಕೆ ಸುತ್ತಿಕೊಂಡು ಹತ್ತುವ ಇಕ್ಕಟ್ಟಾದ ರ‍್ಯಾಂಪು. ಇಲ್ಲೇ ಕೋಲ್ಡ್ ಸ್ಟೋರ್, ಅಂದರೆ ದಿನಸಿ ಅಂಗಡಿ, ಇಟ್ಟಿದ್ದ ತಮ್ಮ ಅಳಿಯನ ಹಳೆಯ ಪಿಕಪ್ ತಂದ ಕಾಕ, ನನ್ನನ್ನು ಸ್ಟೀರಿಂಗಿಗೆ ಕೂರಿಸಿ, ಮೊದಲ ರ‍್ಯಾಂಪಿನ ಅರ್ಧದಲ್ಲಿ "ಹೋಲ್ಡಾನ್" ಎಂದರು. ನಿಲ್ಲಿಸಿದೆ. ಅವರು ಕೆಳಗಿಳಿದು, ಎಡಗಾಲಿನ ಚಪ್ಪಲಿ ಕಳಚಿ, ಹಿಂದಿನ ಚಕ್ರದ ಹಿಂದೆ ಒಂದು ಗೇಣು ಬಿಟ್ಟು ಇಟ್ಟರು.

"ಈಗ ಮುಂದೆ ಹೋಗಿ. ಹಿಂದೆ ಬಂದ್ರೆ ನನ್ನ ಚಪ್ಪಲಿ ಹೋಯ್ತು."

ಹೋಯಿತು. ಆ ದಿನ ಏಳೋ ಎಂಟೋ ಸಲ ಆ ಚಪ್ಪಲಿಯ ಮೇಲೆ ಗಾಡಿ ಹತ್ತಿಸಿದೆ. ಪ್ರತಿ ಸಲವೂ ಕಾಕ ಕಿಟಕಿಯ ಬಳಿ ಬಂದು ಒಂದೇ ಮಾತು: "ಕಾಲಿಗೆ ಹೇಳ್ಬೇಡಿ, ಕಿವಿ ಕೊಡಿ. ಇಂಜಿನ್ ಸ್ವರ ಚೂರು ಇಳೀತದೆ, ಮೂತಿ ಚೂರು ಮೇಲೆ ಏಳ್ತದೆ. ಆಗ ಹ್ಯಾಂಡ್‌ಬ್ರೇಕ್ ಬಿಡಿ. ಶ್ವೈ ಶ್ವೈ, ಮೆಲ್ಲ ಮೆಲ್ಲ, ಗಡಿಬಿಡಿ ಎಂತದ್ದು?" ಎರಡನೇ ಶುಕ್ರವಾರವೂ ಅದೇ ಕತೆ. ಅತ್ತೇಬಿಟ್ಟೆ. "ಆಗುವುದಿಲ್ಲ ಕಾಕ, ನನ್ನಿಂದ ಆಗುವುದಿಲ್ಲ. ಅವರನ್ನು ಯಾವುದೋ ಪ್ರಪಾತಕ್ಕೆ ಹಾಕಿಬಿಡ್ತೇನೆ" ಎಂದೆ. ಕಾಕ ಸ್ವಲ್ಪ ಹೊತ್ತು ರ‍್ಯಾಂಪಿನ ಗೋಡೆಗೆ ಒರಗಿ ನಿಂತರು. ಆಮೇಲೆ ಲಿಫ್ಟ್ ಹತ್ತಿ ನಮ್ಮ ಫ್ಲಾಟಿಗೆ ಹೋದರು.

ಅಲ್ಲಿ ಏನು ಮಾತಾಯಿತೆಂದು ನನ್ನ ಯಜಮಾನರು ಆಮೇಲೆ ಹೇಳಿದರು. ಕಾಕ ಬಾಗಿಲಲ್ಲೇ ನಿಂತು, "ಸಾರ್, ನಾನು ಲಾರಿ ಓಡಿಸುವಾಗ ಕ್ಲೀನರ್ ಇಲ್ಲದೆ ಘಾಟಿ ಹತ್ತಿದವನಲ್ಲ. ಡ್ರೈವರಿಗೆ ಮುಂದೆ ಮಾತ್ರ ಕಾಣುವುದು. ಹಿಂದಿನ ಚಕ್ರ ನೋಡ್ಲಿಕ್ಕೆ ಒಬ್ಬರು ಬೇಕು. ಒಂದು ಕಣ್ಣು ಸಾಕು ಅದಕ್ಕೆ" ಎಂದರಂತೆ.

ಒಂದು ಕಣ್ಣು ಸಾಕು! ಮನೆಗೆ ಬಂದವರೆಲ್ಲ ಆ ಕಣ್ಣಿನ ಹೆಸರೆತ್ತದೆ ಹಣ್ಣು ಇಟ್ಟು ಹೋಗುತ್ತಿದ್ದರು. ಕಾಕ ಒಬ್ಬರು ಆ ಕಣ್ಣಿಗೆ ಕೆಲಸ ತಂದಿದ್ದರು.

ಹತ್ತು ನಿಮಿಷದಲ್ಲಿ ನನ್ನ ಯಜಮಾನರು ಲುಂಗಿಯಲ್ಲೇ ಕೆಳಗೆ ಬಂದರು. ಗೋಡೆಯ ಬದಿಗೆ ಕುಕ್ಕರುಗಾಲಿನಲ್ಲಿ ಕೂತು, ಚಕ್ರವನ್ನೂ ಚಪ್ಪಲಿಯನ್ನೂ ನೋಡುತ್ತಾ ಶುರು ಮಾಡಿದರು. "ಬಂತು, ಬಂತು, ಹಿಂದೆ ಬಂತು! ಏ, ಅಯ್ಯೋ, ಕಾಕನ ಚಪ್ಪಲಿ ಮಾರಾಯ್ತಿ! ಕ್ಲಚ್ ಯಾಕೆ ಬಿಟ್ಟದ್ದು ನೀನು? ಮಂಡೆ ಎಲ್ಲುಂಟು?" ತಿಂಗಳುಗಳ ನಂತರದ ಬೈಗುಳ. ನನಗೆ ಅಳು ಬಂತು, ನಗುವೂ ಬಂತು. ಮತ್ತೆ ಕ್ಲಚ್ ಒತ್ತಿದೆ, ಕಿವಿ ಕೊಟ್ಟೆ. ಸ್ವರ ಇಳಿಯಿತು, ಮೂತಿ ಎದ್ದಿತು, ಹ್ಯಾಂಡ್‌ಬ್ರೇಕ್ ಬಿಟ್ಟೆ. ಪಿಕಪ್ ಮುಂದೆಯೇ ಹೋಯಿತು. ಹಿಂದಿನಿಂದ, ನಮ್ಮೂರಿನಲ್ಲಿ ಬಸ್ ಹೊರಡಿಸುವ ಕಂಡಕ್ಟರುಗಳ ಹಾಗೆ, ಗಂಟಲು ಹರಿಯುವಂತೆ ನನ್ನ ಯಜಮಾನರ ಕೂಗು: "ರೈಟ್ ಪೋಯಿ!" ಆರೂ ಮಹಡಿಗೆ ಕೇಳಿಸಿತು.

ಅಂದಿನಿಂದ ಗ್ರೀಸಿನ ಪ್ಲಾನ್ ಅವರಿಬ್ಬರದ್ದಾಯಿತು. ಕಾಕ ಕ್ರೀಟ್ ಕಂಡವರಲ್ಲ, ಆದರೆ ಘಾಟಿ ಎಲ್ಲಿದ್ದರೂ ಘಾಟಿಯೇ ಎನ್ನುತ್ತಿದ್ದರು. ನನ್ನ ಎರಡು ದಿನದ ದ್ವೀಪವನ್ನು ಕತ್ತರಿಸಿ, ಏಳು ದಿನಕ್ಕೆ ಪಶ್ಚಿಮದ ಒಂದು ತುಂಡಿಗೆ ಇಳಿಸಿದರು. ಶಾಲಾ ಬಸ್ಸಿನ ರೂಟಿನ ಹಾಗೆ ಒಂದು ಹಾಳೆಯಲ್ಲಿ ಸ್ಟಾಪುಗಳನ್ನು ಬರೆಸಿದರು. ಎರಡು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಊಟವಾದ ಮೇಲೆ ಘಾಟಿ ಇಳಿಯುವಂತಿಲ್ಲ, ನಿದ್ದೆ ಬರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು. ತಿರುವಿಗೊಂದು ಹಾರ್ನ್. ಕಾರು ಕೈಗೆ ಕೊಡುವಾಗ ಸುತ್ತ ನಡೆದು, ಗೀರು ಇದ್ದಲ್ಲೆಲ್ಲ ಫೋಟೋ ತೆಗೆಯಬೇಕು, ಸ್ಟೆಪ್ನಿ ಟಯರನ್ನು ಕಣ್ಣಿನಿಂದಲ್ಲ, ಕೈಯಿಂದ ಒತ್ತಿ ನೋಡಬೇಕು. ಕಾರು ಬಿಡುವಾಗ ಹಿಂದಿನ ಸೀಟು ನೋಡಬೇಕು.

ನಾವು ಹೊರಡುವ ಮುನ್ನವೇ ಕಾಕ ಊರಿಗೆ ಹೊರಟರು. ಎದೆಯಲ್ಲಿ ಮೊದಲೇ ತೊಂದರೆ ಇತ್ತಂತೆ, ನಮಗೆ ಹೇಳಿರಲಿಲ್ಲ. ರ‍್ಯಾಂಪಿನ ಗೋಡೆಗೆ ಒರಗಿ ನಿಂತದ್ದು ಅದಕ್ಕೇ ಎಂದು ಆಗ ಹೊಳೆಯಿತು. ನನಗೆ ನನ್ನ ಮೇಲೇ ಸಿಟ್ಟು ಬಂತು. ಕೆಲಸ ಬಿಟ್ಟು, ವೀಸಾ ಕ್ಯಾನ್ಸಲ್ ಮಾಡಿಸಿ, ಮಂಗಳೂರಿನಲ್ಲಿ ಆಪರೇಶನ್ ಎಂದು ತೀರ್ಮಾನವಾಗಿತ್ತು. ಶಾಲೆಯ ಗೇಟಿನ ಬಳಿ ಬೀಳ್ಕೊಡುವಾಗ "ಅಲ್ಲಿಂದ ಎಂತ ತರ್ಬೇಕು ನಿಮಗೆ?" ಎಂದು ಕೇಳಿದೆ.

"ಎಂತ ಬೇಡ. ಫೋಟೋ ಸಹ ಬೇಡ, ನೀವಿಬ್ಬರು ನಿಂತು ನಗುವುದು ನೋಡಿ ನನಗೆ ಎಂತ ಆಗ್ಬೇಕು? ರಸ್ತೆ ಕಳಿಸಿ ಟೀಚರೇ. ಗ್ಲಾಸಿನಿಂದ ಕಾಣುವ ರಸ್ತೆ. ಘಾಟಿ ನೋಡದೆ ಬಹಳ ವರ್ಷ ಆಯ್ತು."

ಕಳಿಸಿದೆವು. ದ್ವೀಪದ ಬೆಟ್ಟ ದಾಟಿ ದಕ್ಷಿಣದ ಕಡಲಿಗೆ ಇಳಿಯುವ ಆ ರಸ್ತೆ ಕಾಕ ಹೇಳಿದ ಹಾಗೆಯೇ ಇತ್ತು. ತಿರುವುಗಳಲ್ಲಿ ಕಂಬದ ಮೇಲೆ ಪುಟ್ಟ ಗುಡಿಗಳು, ನಮ್ಮ ಘಾಟಿಯ ಕಾಣಿಕೆ ಡಬ್ಬಿಗಳ ಹಾಗೆ. ಫೋನನ್ನು ಗ್ಲಾಸಿಗೆ ಅಂಟಿಸಿ ರೆಕಾರ್ಡಿಗೆ ಹಾಕಿದ್ದೆವು. ಹತ್ತುವ ದಾರಿಯಲ್ಲಿ, ಒಂದು ಹಳ್ಳಿಯ ಇಕ್ಕಟ್ಟಿನಲ್ಲಿ, ಎದುರಿನಿಂದ ಲಾರಿ ಬಂತು. ಕಡಿದಾದ ಏರಿನಲ್ಲಿ ನಿಲ್ಲಿಸಬೇಕಾಯಿತು. ಹಿಂದೆ ಒಂದು ಕಾರು, ಅದರ ಹಿಂದೆ ಇನ್ನೊಂದು. ಲಾರಿ ದಾಟಿತು. ಗೇರು ಹಾಕಿ ಕ್ಲಚ್ ಬಿಟ್ಟೆ. ಎರಡು ಸಲ ಇಂಜಿನ್ ಆಫ್ ಆಯಿತು. ಪಕ್ಕದ ಬಾಗಿಲು ತೆರೆದ ಸದ್ದು. ನೋಡಿದರೆ ನನ್ನ ಯಜಮಾನರು ಇಳಿದು, ಎಡಗಾಲಿನ ಚಪ್ಪಲಿ ಕಳಚಿ ಹಿಂದಿನ ಚಕ್ರದ ಹಿಂದೆ ಇಟ್ಟಿದ್ದರು! ಹಿಂದಿನ ಕಾರಿನ ಅಜ್ಜ ಹಾರ್ನ್ ಒತ್ತುವುದನ್ನೂ ಮರೆತು ಬಾಯಿ ತೆರೆದು ನೋಡುತ್ತಿದ್ದ. ನಾನು ಕಿವಿ ಕೊಟ್ಟೆ. ಸ್ವರ ಇಳಿಯಿತು. ಕಾರು ಒಂದಿಂಚೂ ಹಿಂದೆ ಹೋಗದೆ ಮುಂದೆ ನುಗ್ಗಿತು. "ರೈಟ್ ಪೋಯಿ!" ಎಂಬ ಕೂಗು ಬೆಟ್ಟದಲ್ಲಿ ಕೇಳಿಸಿತು. ಸ್ವಲ್ಪ ಮೇಲೆ ನಿಲ್ಲಿಸಿದೆ. ಅವರು ಓಡಿ ಬಂದು ಹತ್ತಿದರು, ಏದುಸಿರು ಬಿಡುತ್ತಾ, ಮದುವೆಯಾದ ಹೊಸತರ ಮುಖ ಹೊತ್ತು. ಸಂಭ್ರಮದಲ್ಲಿ ಚಪ್ಪಲಿ ಅಲ್ಲೇ ಉಳಿಯಿತು. ಅದು ಗೊತ್ತಾದದ್ದು ಘಾಟಿ ಇಳಿದು ಕಡಲ ಬದಿಯಲ್ಲಿ ಕಾರು ನಿಲ್ಲಿಸಿ, ಕಾಕ ಹೇಳಿದ್ದಾರಲ್ಲ ಎಂದು ಹಿಂದಿನ ಸೀಟೆಲ್ಲ ಹುಡುಕಿದಾಗ.

ಆ ವಿಡಿಯೋಗೆ ಎರಡು ದಿನ ಬಿಟ್ಟು ಉತ್ತರ ಬಂತು, ಆಸ್ಪತ್ರೆಯಿಂದ, ಕಾಕನದೇ ದನಿಯಲ್ಲಿ. "ಟೀಚರೇ, ಪೂರಾ ನೋಡಿದೆ. ಗೇರ್ ಒಳ್ಳೆದಾಯ್ತು. ನಾಲ್ಕನೇ ತಿರುವಿನಲ್ಲಿ ಹಾರ್ನ್ ಹಾಕ್ಲಿಲ್ಲ ನೀವು. ಸಾರಿನ ಸ್ವರ ಕೇಳಿತು. ಅಲ್‌ಹಂದುಲಿಲ್ಲಾ. ಇನ್ನು ಭಯ ಇಲ್ಲ." ಅವರ ಮಗಳು ಆಮೇಲೆ ಫೋನಿನಲ್ಲಿ ಹೇಳಿದಳು: ಅಪ್ಪ ಮಲಗಿಕೊಂಡೇ ಮೂರು ಸಲ ನೋಡಿದರು, ಪ್ರತಿ ತಿರುವಿಗೂ ಎಡಗಾಲು ಹೊದಿಕೆಯೊಳಗೆ ಮಂಚದ ತುದಿಯನ್ನು ಒತ್ತುತ್ತಿತ್ತು ಎಂದು. ಆಪರೇಶನ್ ಆಗಿ ಹನ್ನೊಂದನೇ ದಿನಕ್ಕೆ ಕಾಕ ತೀರಿಕೊಂಡರು.

ಈಗಲೂ ನಮ್ಮ ಪಾರ್ಕಿಂಗಿನ ರ‍್ಯಾಂಪು ಹತ್ತುವಾಗ ನಾನು ತಿರುವಿಗೊಂದು ಹಾರ್ನ್ ಹಾಕುತ್ತೇನೆ. "ಮೇಡಂ, ಇಧರ್ ಹಾರ್ನ್ ನಹೀ" ಎಂದು ವಾಚ್‌ಮನ್ ಬೈಯುತ್ತಾನೆ. ಬೈಯಲಿ.

ಮೊನ್ನೆ ಬಾಗಿಲ ಬಳಿಯ ಕಪಾಟು ಸ್ವಚ್ಛ ಮಾಡುವಾಗ, ಗ್ರೀಸಿನಲ್ಲಿ ಜೋಡಿ ಕಳೆದುಕೊಂಡು ಬಂದ ಆ ಒಂಟಿ ಚಪ್ಪಲಿ ಸಿಕ್ಕಿತು. ಎಸೆಯಲೆಂದು ಎತ್ತಿಕೊಂಡೆ. ನನ್ನ ಯಜಮಾನರು ಸೋಫಾದಿಂದಲೇ ನೋಡಿ, "ಬಲದ್ದು ಇನ್ನೂ ಸರಿ ಉಂಟಲ್ಲ, ಅದಕ್ಕೆ ಯಾಕೆ ಅನ್ಯಾಯ ಮಾಡುವುದು?" ಎಂದರು. ಇಬ್ಬರೂ ನಕ್ಕೆವು. ಚಪ್ಪಲಿಯನ್ನು ಒರೆಸಿ, ಇದ್ದಲ್ಲೇ ಇಟ್ಟೆ.