ಕಬ್ಬಿಗೆ ಬೀಜ ಎಲ್ಲಿ?

ಗೋಕಾಕದ ಪುಸ್ತಕದಂಗಡಿಯಲ್ಲಿ ನಾನು ಹಲವು ವರ್ಷಗಳಿಂದ ಒಂದು ಸುಳ್ಳು ಹೇಳುತ್ತ ಬಂದಿದ್ದೇನೆ. ಮಕ್ಕಳ ಪುಸ್ತಕಗಳ ಕಪಾಟಿನ ಮುಂದೆ ನಿಂತು ಹಾಳೆ ತಿರುವುತ್ತಿದ್ದರೆ ಅಂಗಡಿಯವರು ಬಂದು ಮಗುವಿಗೆ ಎಷ್ಟು ವಯಸ್ಸು ಎಂದು ವಿಚಾರಿಸುತ್ತಾರೆ. ಒಂಬತ್ತು ಎನ್ನುತ್ತೇನೆ. ಮೊದಲ ಸಲ ಹೋದಾಗಲೂ ಒಂಬತ್ತು ಅಂದಿದ್ದೆ, ಮೊನ್ನೆ ಮೊನ್ನೆಯವರೆಗೂ ಒಂಬತ್ತೇ ಅನ್ನುತ್ತಿದ್ದೆ. ಪಾಪ, ಆ ಮನುಷ್ಯ ಲೆಕ್ಕ ಹಾಕಿ ನೋಡಿಲ್ಲ ಎಂದುಕೊಂಡಿದ್ದೆ. ನೋಡಿದ್ದರೂ ಗಿರಾಕಿಯನ್ನು ಯಾಕೆ ಕಳೆದುಕೊಳ್ಳಬೇಕೆಂದು ಸುಮ್ಮನಿದ್ದಿರಬೇಕು. ನನ್ನ ಮಗ ಆಗಲೇ ಮೀಸೆ ತಿದ್ದಿಕೊಳ್ಳುತ್ತಿದ್ದಾನೆ. ಆ ಒಂಬತ್ತು ವರ್ಷದ ಮಗು ನಾನೇ.

ನಾನು ಕುಲಗೋಡದ ಹೊಲಗಳ ನಡುವಿನ ಒಂದು ತೋಟದ ಶಾಲೆಯಲ್ಲಿ ಕಲಿಸುವವಳು. ಮನೆ ಮೂಡಲಗಿಯಲ್ಲಿ, ಓಡಾಟ ಬಸ್ಸಿನಲ್ಲಿ. ಒಂದು ಕಡೆ ಕೂಡುವ ಜಾಯಮಾನ ನನ್ನದಲ್ಲ. ಪಾಠ ಮಾಡುವಾಗಲೂ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಹಲಗೆಗೆ ತಿರುಗುತ್ತಲೇ ಇರುತ್ತೇನೆ. ಮಕ್ಕಳ ಕುತ್ತಿಗೆಗೆ ಅದೇ ವ್ಯಾಯಾಮ. ಊಟಕ್ಕೆ ಕೂತವಳು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದು, ಕಡಿದು ಬಿದ್ದ ಹಲ್ಲಿಯ ಬಾಲ ಯಾಕೆ ಕುಣಿಯುತ್ತದೆ ಎಂದು ಪುಸ್ತಕ ತೆಗೆದು ನೋಡುತ್ತೇನೆ. ಇಂಥವಳ ಜೊತೆ ಸಂಸಾರ ಮಾಡುವವರ ಕಷ್ಟ ನಮ್ಮ ಮನೆಯವರಿಗೇ ಗೊತ್ತು. "ನಿನ್ನ ಕಾಲಾಗ ಗಾಲಿ ಅದಾವು" ಎಂದು ಅವರು ಅನ್ನುವುದುಂಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ತಪ್ಪು ಇದರಿಂದ ಇನ್ನಷ್ಟು ನಾಚಿಕೆಗೇಡಾಗಿ ಕಾಣುತ್ತದೆ.

ಈ ಮಕ್ಕಳ ಜ್ಞಾನದ ಪುಸ್ತಕಗಳ ರೀತಿಯೇ ಬೇರೆ. ತಿಮಿಂಗಿಲದ ಹೃದಯ ಎಷ್ಟು ದೊಡ್ಡದು, ಒಂಟೆ ನೀರಿಲ್ಲದೆ ಎಷ್ಟು ದಿನ ತಡೆಯುತ್ತದೆ, ಶನಿ ಗ್ರಹದ ಸುತ್ತ ಬಳೆ ಯಾಕೆ, ಎಲ್ಲಕ್ಕೂ ಅವುಗಳಲ್ಲಿ ಉತ್ತರವಿದೆ. ಕೆಲವುಗಳಲ್ಲಿ ಉತ್ತರವನ್ನು ಪುಟದ ತುದಿಯಲ್ಲಿ ತಲೆಕೆಳಗಾಗಿ ಅಚ್ಚು ಹಾಕಿರುತ್ತಾರೆ. ಒಮ್ಮೆ ಬಸ್ಸಿನಲ್ಲಿ ನಾನು ಅಂಥದೊಂದು ಪುಸ್ತಕವನ್ನು ತಿರುಗಿಸಿ ಹಿಡಿದು ಉತ್ತರ ಓದುತ್ತಿದ್ದೆ. ಬಾಜೂ ಕೂತಿದ್ದ ಅಜ್ಜಿ ಸ್ವಲ್ಪ ಹೊತ್ತು ಮರುಕದಿಂದ ನೋಡಿ, ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದು, ನೆಟ್ಟಗೆ ಮಾಡಿ ಕೊಟ್ಟಳು. ಈ ವಯಸ್ಸಿನಲ್ಲಾದರೂ ಅಕ್ಷರ ಕಲಿಯಲು ಹೊರಟಿದ್ದಕ್ಕೆ ಶಹಬ್ಬಾಸ್ ಎಂದಳು. ನಾನು ಇಳಿಯುವವರೆಗೂ ಪುಸ್ತಕ ನೆಟ್ಟಗೇ ಹಿಡಿದಿದ್ದೆ.

ಪ್ರಶ್ನೆ ಕಠಿಣವಾದಾಗ ಇವೇ ಪುಸ್ತಕಗಳು ಒಂದು ಉಪಾಯ ಮಾಡುತ್ತವೆ. ನಿಮ್ಮ ಶಿಕ್ಷಕರನ್ನು ಕೇಳಿ ತಿಳಿಯಿರಿ ಎಂದು ಬರೆದು ಮುಂದಿನ ಪುಟಕ್ಕೆ ಜಿಗಿಯುತ್ತವೆ. ಶಿಕ್ಷಕರು ಯಾರು? ನಾನು. ನಾನು ಕೇಳಲು ಓಡುವುದು ಎಲ್ಲಿಗೆ? ಅದೇ ಪುಸ್ತಕಕ್ಕೆ. ಹೀಗೆ ನಾವಿಬ್ಬರೂ ಒಬ್ಬರ ಮೇಲೊಬ್ಬರು ಹಾಕಿಕೊಂಡು ಬಹಳ ವರ್ಷ ನೆಮ್ಮದಿಯಿಂದಿದ್ದೆವು. ಈ ನೆಮ್ಮದಿ ಕೆಡಿಸಿದವಳು ಶಿವಲೀಲಾ.

ಶಿವಲೀಲಾ ಐದನೇ ಇಯತ್ತೆಯ ಹುಡುಗಿ. ಶಾಲೆಯ ಹಿಂದಿನ ಕಬ್ಬಿನ ತೋಟವೇ ಅವರದು. ಅವಳು ಬಾಯಿ ತೆರೆದರೆ ಪ್ರಶ್ನೆ. ಬೆಲ್ಲಕ್ಕೆ ಇರುವೆ ಮುತ್ತುತ್ತವೆ, ಉಪ್ಪಿಗೆ ಯಾಕಿಲ್ಲ? ನಕಾಶೆಯಲ್ಲಿ ಬೆಳಗಾವಿ ಇದೆ, ನಮ್ಮ ತೋಟ ಯಾಕಿಲ್ಲ? ಕೆಲವಕ್ಕೆ ಉತ್ತರ ಹೇಳುತ್ತಿದ್ದೆ, ಕೆಲವನ್ನು ನಾಳೆಗೆ ದಾಟಿಸುತ್ತಿದ್ದೆ. ಆ ದಿನ ಸಸ್ಯದ ಭಾಗಗಳ ಪಾಠ ನಡೆದಿತ್ತು. ಹೊರಗೆ ಕಬ್ಬಿನ ತುದಿಯಲ್ಲೆಲ್ಲ ತುರಾಯಿ ಬಂದು, ಬಿಳಿ ಹೂವಿನ ಗೊಂಚಲು ಗಾಳಿಗೆ ತೂಗುತ್ತಿತ್ತು. ಒಳಗೆ ನನ್ನ ಕೈಯಲ್ಲಿ ಪ್ಲಾಸ್ಟಿಕ್ಕಿನ ದಾಸವಾಳ. ಇಂಥ ಸಾಮಾನಿಗೆ ಕಲಿಕೋಪಕರಣ ಎಂದು ಹೆಸರು. ದಳ ಬಿಚ್ಚಬಹುದು, ಮತ್ತೆ ಜೋಡಿಸಬಹುದು. ನಮ್ಮದರಲ್ಲಿ ಒಂದು ದಳ ಕಳೆದುಹೋಗಿ ನಾಲ್ಕೇ ಉಳಿದಿವೆ. ಹೂವು ಕಾಯಿಯಾಗುತ್ತದೆ, ಕಾಯಿಯೊಳಗೆ ಬೀಜವಿರುತ್ತದೆ, ಬೀಜದಿಂದ ಮತ್ತೆ ಗಿಡ ಎಂದು ಹೇಳಿ ಮುಗಿಸುವಷ್ಟರಲ್ಲಿ ಶಿವಲೀಲಾಳ ಕೈ ಮೇಲೆದ್ದಿತು.

"ಅಕ್ಕೋರ, ಕಬ್ಬಿಗೆ ಹೂ ಬಂದೈತಿ. ಅದರ ಬೀಜ ಎಲ್ಲಿ?"

ನನಗೆ ಅವಸರ. ಪಾಠಗಳು ಹಿಂದೆ ಬಿದ್ದಿದ್ದವು. ಹೂವಿನ ದಳ ಜೋಡಿಸುತ್ತಲೇ, ನಿಮ್ಮಪ್ಪ ಪ್ರತಿ ವರ್ಷ ಬೀಜ ತಂದು ಹಚ್ಚುತ್ತಾನಲ್ಲ, ಅದೇ ಬೀಜ ಎಂದೆ. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು. ಕಬ್ಬು ಹಚ್ಚುವ ಕಾಲಕ್ಕೆ ಟ್ರ್ಯಾಕ್ಟರಿನಲ್ಲಿ ಬೀಜ ಬಂತು, ಬೀಜ ಛಲೋ ಐತಿ, ಬೀಜ ಕಡಿಮೆ ಬಿತ್ತು ಎಂಬ ಮಾತೇ ಎಲ್ಲ ಕಡೆ. ಮಾತಾಡುವಾಗ ಅನುಮಾನವೇ ಬರುವುದಿಲ್ಲ.

"ಅದು ಬೀಜ ಅಲ್ರಿ ಅಕ್ಕೋರ. ಅದು ಕಬ್ಬ. ನಾನ ಒಂದ ತುಂಡ ತಿಂದೇನಿ."

ಇಡೀ ವರ್ಗ ನಕ್ಕಿತು. ಅವಳು ಹೇಳಿದ್ದು ಖರೆ. ನಾವು ಬೀಜ ಎನ್ನುವುದು ಮೊಳಕೆಯೊಡೆಯುವ ಕಣ್ಣಿರುವ ಕಬ್ಬಿನ ತುಂಡನ್ನು. ಹುಟ್ಟಿದಾಗಿನಿಂದ ಕಬ್ಬಿನ ನಡುವೆ ಬೆಳೆದ ನನಗೆ ಆ ಕ್ಷಣದವರೆಗೆ ಅದು ಹೊಳೆದಿರಲಿಲ್ಲ. ತಪ್ಪು ಗೊತ್ತಾದಾಗ ಮನುಷ್ಯರಿಗೆ ನಾಚಿಕೆ ಬರಬೇಕು. ನನಗೆ ಸಿಟ್ಟು ಬಂತು. "ಭಾಳ ಶಾಣ್ಯಾಕಿ ಆಗಬ್ಯಾಡ. ಸುಮ್ಮ ಕೂತು ಕೇಳು" ಎಂದು ಗದರಿಸಿದೆ. ಒಂದು ಗಳಿಗೆ ಕೂಡಲಾರದ ನಾನು, ಹತ್ತು ವರ್ಷದ ಹುಡುಗಿಗೆ.

ಶಿವಲೀಲಾ ಕೂತಳು. ಕೈ ಕಟ್ಟಿಕೊಂಡು ಕೇಳಿದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಮೊದಲ ಎರಡು ದಿನ, ಹೇಳಲು ನಾಚಿಕೆಯಾಗುತ್ತದೆ, ನನಗೆ ಹಾಯೆನಿಸಿತ್ತು. ಹಿಂದೆ ಬಿದ್ದ ಪಾಠಗಳು ಸರಸರ ಮುಗಿದವು. ಆಮೇಲೆ ಏನೋ ತಪ್ಪಿದಂತೆ ಅನಿಸತೊಡಗಿತು. ಪಾಠದ ನಡುವೆ ತಾನಾಗಿ ನನ್ನ ಕಣ್ಣು ಅವಳ ಕಡೆ ಹೋಗುತ್ತಿತ್ತು. ಕೈ ಏಳುತ್ತಿರಲಿಲ್ಲ.

ಆ ವಾರ ಅವಳ ತಾಯಿ ಶಾಲೆಗೆ ಬಂದಿದ್ದಳು. ಮಗಳ ಯಾವುದೋ ಕಾಗದಕ್ಕೆ ಸಹಿ ಹಾಕುವುದಿತ್ತು. ಸಹಿ ಹಾಕಿ, ನನ್ನ ಕೈ ಹಿಡಿದು, ತುಂಬು ಮನಸ್ಸಿನಿಂದ ಹೇಳಿದಳು: "ನೀವು ಏನ ಮಾಡಿದ್ರೋ ಏನೋ ಅಕ್ಕೋರ, ಹುಡುಗಿ ಭಾಳ ಸುಧಾರಿಸ್ಯಾಳ. ಈಗ ಮನ್ಯಾಗೂ ಏನೂ ಕೇಳೂದಿಲ್ಲ." ಜೊತೆಗೆ ಒಂದು ಅಚ್ಚು ಬೆಲ್ಲ ಬೇರೆ ಕೊಟ್ಟಳು. ನನ್ನ ನೌಕರಿಯಲ್ಲಿ ಅಷ್ಟು ಕಹಿಯಾದ ಬೆಲ್ಲವನ್ನು ನಾನು ತಿಂದಿಲ್ಲ.

ಅಂದಿನಿಂದ ಒಂದು ಮಾತು ತಲೆ ಕೊರೆಯತೊಡಗಿತು. ನಮ್ಮ ಕನ್ನಡದಲ್ಲಿ ಪ್ರಶ್ನೆ ಹಾಕುವುದಕ್ಕೂ ಕೇಳು, ಕಿವಿಗೊಡುವುದಕ್ಕೂ ಕೇಳು. ಬೆಲೆ ಕೇಳುತ್ತೇವೆ, ಹಾಡನ್ನೂ ಕೇಳುತ್ತೇವೆ. ಪಕ್ಕದ ಮರಾಠಿಯವರು ಇದಕ್ಕೊಂದು ಅದಕ್ಕೊಂದು ಬೇರೆ ಬೇರೆ ಮಾತು ಇಟ್ಟುಕೊಂಡಿದ್ದಾರೆ. ನಮ್ಮ ಹಿರಿಯರು ಎರಡಕ್ಕೂ ಒಂದೇ ಪದ ಸಾಕೆಂದದ್ದು ಪದಗಳ ಬಡತನದಿಂದಲೋ, ಇವೆರಡೂ ಒಂದೇ ಕೆಲಸ ಎಂಬ ತಿಳಿವಳಿಕೆಯಿಂದಲೋ, ಬಲ್ಲವರು ಹೇಳಬೇಕು. ನಾನು ಮಾತ್ರ ಇಷ್ಟು ವರ್ಷ ಹಲಗೆಯ ಮುಂದೆ ನಿಂತು ಆ ಪದದ ಅರ್ಧವನ್ನಷ್ಟೇ ಮಕ್ಕಳಿಗೆ ಕೊಟ್ಟಿದ್ದೆ.

ಇನ್ನು ಕಾಲಿನ ಗಾಲಿ ಉರುಳದೆ ಇರುತ್ತದೆಯೇ? ಉತ್ತರ ಹುಡುಕಿ ತಂದುಕೊಟ್ಟರೆ ಹುಡುಗಿ ಮತ್ತೆ ಬಾಯಿ ತೆರೆದಾಳು ಎಂದು ಹೊರಟೆ. ಮೂಡಲಗಿಯ ಅಂಗಡಿಯಲ್ಲಿ ಗೈಡುಗಳಿದ್ದವು. ಪರೀಕ್ಷೆಗೆ ಬರುವ ಪ್ರಶ್ನೆಗಳಿಗಷ್ಟೇ ಅವು ಬಾಯಿ ಬಿಡುತ್ತವೆ. ಪಠ್ಯಪುಸ್ತಕದ ಚೌಕುಳಿ ಕ್ಯೂಆರ್ ಗುರುತಿಗೆ ಮೊಬೈಲು ಹಿಡಿದೆ. ಬಹಳ ಹೊತ್ತು ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ ಕೊನೆಗೆ ಒಂದು ಮಾವಿನ ಗಿಡ ಕುಣಿಯುತ್ತ ಬಂದು ಹಾಡು ಹೇಳಿ ಹೋಯಿತು. ಗೋಕಾಕದ ಅಂಗಡಿಯಲ್ಲಿ ಕಪಾಟನ್ನೆಲ್ಲ ಕೆದರಿದೆ. ಬಣ್ಣಬಣ್ಣದ ದಪ್ಪ ಪುಸ್ತಕಗಳಲ್ಲಿ ಸೇಬು, ಸ್ಟ್ರಾಬೆರಿ, ನೊಣ ತಿನ್ನುವ ಗಿಡ, ಎಲ್ಲ ಇದ್ದವು. ಕಬ್ಬು ಸಕ್ಕರೆಯ ಪುಟದಲ್ಲಿ ಒಂದು ಸಾಲು ಬಂದು ಹೋಗಿತ್ತು. ಅಂಗಡಿಯವರು ಎಂದಿನಂತೆ ಮಗುವಿನ ವಯಸ್ಸು ಕೇಳಿದರು. ಈ ಸಲ ಹತ್ತು ಎಂದೆ. ಅವರು ಚಕಿತರಾಗಿ, ಅಂತೂ ಒಂದು ವರ್ಷ ದೊಡ್ಡದಾಯಿತಲ್ಲ ಎಂದರು. ಲೆಕ್ಕ ಹಾಕಿರಲಿಲ್ಲ ಎಂದುಕೊಂಡದ್ದು ನನ್ನ ಭ್ರಮೆ.

ರವಿವಾರ ಹುಕ್ಕೇರಿಗೆ ಹೋಗಿ ಅಲ್ಲಿಯ ವಾಚನಾಲಯದಲ್ಲಿ ಬೇಸಾಯದ ಪುಸ್ತಕಗಳನ್ನು ಹರಡಿಕೊಂಡು ಕೂತೆ. ಕಬ್ಬಿಗೆ ಹಾಕುವ ಗೊಬ್ಬರ, ಬರುವ ರೋಗ, ಬಿಡುವ ನೀರು, ಪುಟಗಟ್ಟಲೆ ಇತ್ತು. ಬೀಜದ ಬಗ್ಗೆ ಸಿಕ್ಕಿದ್ದು ಎರಡು ಸಾಲು. ತುರಾಯಿಯಲ್ಲಿ ಧೂಳಿನಷ್ಟು ಸಣ್ಣ ಬೀಜಗಳು ಇರಬಹುದು, ಅನೇಕ ಕಡೆ ಅವು ಜಳ್ಳು, ಹೊಸ ತಳಿ ಮಾಡುವವರಿಗಷ್ಟೇ ಅವು ಬೇಕು ಎಂಬುದು ಅದರ ಸಾರ. ಇರಬಹುದಂತೆ! ಆ ಎರಡು ಸಾಲನ್ನು ನಾಲ್ಕು ಸಲ ಓದಿದೆ. ಅಷ್ಟಕ್ಕೆ ತೃಪ್ತಿಯಾಗದೆ ಕಣಗಲಾಕ್ಕೆ, ನಮ್ಮ ಕಾಕಾನ ಹೊಲಕ್ಕೆ ಹೋದೆ. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಪ್ರಾಯದಿಂದಲೂ ಕಬ್ಬನ್ನೇ ನಂಬಿದವನು.

ಅವನಿಗೆ ತುರಾಯಿ ಎಂದರೆ ಕಬ್ಬು ಬಲಿತು ರಸ ಇಳಿಯುವ ಸೂಚನೆ, ಬೇಗ ಕಡಿಸಬೇಕೆಂಬ ಚಿಂತೆ. ಬೀಜ ಎಲ್ಲಿ ಎಂದು ಕೇಳಿದಾಗ ಅವನೂ ಮೊದಲು ನನ್ನ ಹಾಗೆಯೇ ಕಬ್ಬಿನ ತುಂಡು ತೋರಿಸಿದ. ಅದು ಕಬ್ಬಲ್ಲವೇ ಎಂದು ನಾನು ಶಿವಲೀಲಾಳ ಮಾತನ್ನು ಅವನ ಮುಂದಿಟ್ಟೆ. ಕಾಕಾ ಕಬ್ಬಿನ ಸಾಲಿಗೆ ಕೈ ಚಾಚಿದ. ಒಂದು ತುರಾಯಿ ಬಗ್ಗಿಸಿ ಮುರಿದು, ಅಂಗೈಯಲ್ಲಿ ತಿಕ್ಕಿದ. ಬಿಳಿ ನವಿರೆಲ್ಲ ಗಾಳಿಗೆ ಹಾರಿ ಅವನ ಮೀಸೆಯ ಮೇಲೆ ಕೂತಿತು. ಅಂಗೈಯಲ್ಲಿ ಉಳಿದ ಧೂಳನ್ನು ಅವನ ಚಸ್ಮಾದಿಂದ ಒಮ್ಮೆ ಅವನು, ಒಮ್ಮೆ ನಾನು ನೋಡಿದೆವು. ಬೀಜವೋ ಕಸವೋ ಇಬ್ಬರಿಗೂ ತಿಳಿಯಲಿಲ್ಲ.

"ಇಷ್ಟ ವರ್ಷ ಕಬ್ಬ ಹಚ್ಚೇನಿ, ಇದನ್ನ ಯಾರೂ ಕೇಳಿಲ್ಲ ನೋಡವಾ" ಎಂದ ಕಾಕಾ. ಕೈ ಜಾಡಿಸಿಕೊಂಡು ಮತ್ತೆ ಹೇಳಿದ: "ಸಣ್ಣಾಂವ ಇದ್ದಾಗ ನಾನೂ ಕೇಳಿದ್ನೋ ಏನೋ. ಯಾರರೆ ಸುಮ್ಮ ಕೂಡ ಅಂದಿರಬೇಕು."

ಅವನು ನಕ್ಕ. ನಾನು ನಗಲಿಲ್ಲ. ಶಿವಲೀಲಾ ಅಜ್ಜಿಯಾಗಿ ಇದೇ ರೀತಿ ಒಂದು ಹೊಲದ ಬದುವಿನ ಮೇಲೆ ನಿಂತು, ಯಾರೋ ಸುಮ್ಮ ಕೂಡು ಅಂದಿರಬೇಕು ಎನ್ನುತ್ತಿರುವಂತೆ ಕಂಡಿತು. ಆ ಯಾರೋ ಎಂಬುವವಳು ನಾನು.

ನಾಲ್ಕು ತುರಾಯಿ ಕಟ್ಟಿಕೊಂಡು ಸೋಮವಾರ ಮುಂಜಾನೆ ಬಸ್ಸು ಹತ್ತಿದೆ. ಅವು ನನಗಿಂತ ಎತ್ತರ. ಕಿಟಕಿಯ ಗಾಳಿಗೆ ನವಿರು ಹಾರಿ ಪ್ರಯಾಣಿಕರೆಲ್ಲ ಸೀನತೊಡಗಿದರು. ಕಂಡಕ್ಟರ್ ಬಂದು ತುರಾಯಿಯನ್ನು ಮೇಲಿನಿಂದ ಕೆಳಗೆ ನೋಡಿ, "ನಿಮಗೇನೋ ಫ್ರೀ ಐತ್ರಿ ಅಕ್ಕೋರ. ಇದು ಹೆಣ್ಣೋ ಗಂಡೋ?" ಎಂದ. ಒಂದೇ ಹೂವಿನಲ್ಲಿ ಎರಡೂ ಇರುತ್ತವೆ ಎಂದು ನಾನು ವಿವರಿಸಲು ಹೊರಟೆ. ಹಾಗಾದರೆ ಅರ್ಧ ಟಿಕೆಟು ಎಂದು ನಗುತ್ತ ಮುಂದೆ ಹೋದ.

ವರ್ಗಕ್ಕೆ ಹೋಗಿ ತುರಾಯಿಗಳನ್ನು ಮೇಜಿನ ಮೇಲಿಟ್ಟೆ. ಶಿವಲೀಲಾ ಕೇಳಿದ್ದು ಬರೋಬ್ಬರಿ ಇತ್ತು, ನಾನು ಹೇಳಿದ್ದು ತಪ್ಪಿತ್ತು, ನನಗೆ ಗೊತ್ತಿರಲಿಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ಹುಕ್ಕೇರಿಯ ಎರಡು ಸಾಲಿನ ಉತ್ತರವನ್ನೂ ಕೊಟ್ಟೆ. ಈಗ ಅವಳ ಮುಖ ಅರಳುತ್ತದೆ ಎಂದು ಕಾದೆ. ಶಿವಲೀಲಾ ಕಟ್ಟಿದ ಕೈ ಬಿಚ್ಚಲಿಲ್ಲ. ಎಲ್ಲವನ್ನೂ ಶಿಸ್ತಿನಿಂದ ಕೇಳಿಸಿಕೊಂಡಳು, ಅಷ್ಟೇ. ಮೂರು ಊರು ಸುತ್ತಿ ತಂದ ಉತ್ತರ ಅವಳಿಗೆ ಬೇಕಾಗಿಯೇ ಇರಲಿಲ್ಲವೇನೋ.

ಇನ್ನೇನು ಮಾಡುವುದೆಂದು ತಿಳಿಯದೆ, ಇದು ಬೀಜವೋ ಜಳ್ಳೋ ನನಗೂ ಗೊತ್ತಿಲ್ಲ, ಹಾಕಿ ನೋಡೋಣ ಎಂದೆ. ತೂತು ಬಿದ್ದ ಒಂದು ತಾಟಿನಲ್ಲಿ ಮಣ್ಣು ತುಂಬಿ, ತುರಾಯಿ ಉದುರಿಸಿ, ಮಕ್ಕಳು ಪಾಳಿ ಪಾಳಿಯಾಗಿ ನೀರು ಚಿಮುಕಿಸಿದರು. ದಿನಾ ಹೋಗಿ ನೋಡುತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಒಮ್ಮೆ ತಾಟಿನ ಮಣ್ಣಿನಲ್ಲಿ ನನ್ನದಲ್ಲದ ಸಣ್ಣ ಬೆರಳಿನ ಗುರುತು ಕಂಡಿತು. ಯಾರದೆಂದು ನಾನು ಕೇಳಲಿಲ್ಲ.

ಆರನೆಯ ದಿನ ದಾರದೆಳೆಯಂಥ ಮೂರು ಹಸಿರು ಕುಡಿ ಕಾಣಿಸಿದವು. ಕಬ್ಬು ಎಂದು ಅರ್ಧ ವರ್ಗ, ಮಣ್ಣಿನೊಳಗಿದ್ದ ಹುಲ್ಲು ಎಂದು ಇನ್ನರ್ಧ. ಜಗಳ ಜೋರಾಯಿತು. ಕಬ್ಬೂ ಹುಲ್ಲಿನ ಜಾತಿಯದೇ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

"ಅಕ್ಕೋರ, ಒಂದ ಕೇಳ್ಲ್ಯಾ?"

"ಕೇಳವಾ" ಎಂದೆ.

"ಹಂಗಾರ ಬಾಳಿಹಣ್ಣಿನಾಗ ಬೀಜ ಎಲ್ಲಿ ಇರತೈತಿ?"

ಈ ಪ್ರಶ್ನೆಯ ಉತ್ತರ ನನಗೆ ಗೊತ್ತಿತ್ತು. ಗೋಕಾಕದ ಪುಸ್ತಕದಲ್ಲಿ, ಪುಟದ ತುದಿಯಲ್ಲಿ, ತಲೆಕೆಳಗಾಗಿ ಇತ್ತು. ನಾಲಗೆಯ ತುದಿಗೆ ಬಂದು ಕುಣಿಯಿತು. ಇಷ್ಟು ದಿನ ತಿರುಗಿದ ಕಾಲು, ಇಷ್ಟು ವರ್ಷ ಓದಿದ ಬಾಯಿ, ಎರಡೂ ಹೇಳು ಹೇಳು ಎಂದವು. ಹೇಗೋ ಹಲ್ಲು ಕಚ್ಚಿ ನುಂಗಿಕೊಂಡೆ. ನಿನಗೇನು ಅನಿಸುತ್ತದೆ ಎಂದು ಅವಳನ್ನೇ ಕೇಳಿದೆ.

ಶಿವಲೀಲಾ ಎದ್ದು ನಿಂತಳು. ಹೇಳಲು ಬಹಳ ಇರುವವರ ಹಾಗೆ ಲಂಗ ಸರಿಮಾಡಿಕೊಂಡಳು. ಆಮೇಲೆ, ಬಾಗಿಲಿಗೂ ಕಿಟಕಿಗೂ ನಡುವೆ ತಿರುಗುತ್ತಿದ್ದ ನನ್ನನ್ನು ನೋಡಿ, ಪೂರ್ತಿ ಮರ್ಯಾದೆಯಿಂದ ಅಂದಳು:

"ಹೇಳ್ತೇನ್ರಿ. ನೀವು ಸುಮ್ಮ ಕೂತು ಕೇಳ್ರಿ."

ಕೂತೆ.